ಗರಸಿನ ಹಾದಿ

ವಾರ್ಷಿಕ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಕನ್ನಡ ಅಧ್ಯಾಪಕರು ಹೇಳಿದಾಗ ನನ್ನ ಸಹಪಾಠಿಗಳಲ್ಲಿ ಕೆಲವರು ಪ್ರವಾಸಕಥನವನ್ನು ಬರೆಯಲು ಒಪ್ಪಿಕೊಂಡರು. ಒಬ್ಬರು ಹಂಪೆಗೆ ಹೋಗಿ ಬಂದಿದ್ದರು, ಇನ್ನೊಬ್ಬರು ಊಟಿಗೆ. ನಾನೋ ತುಮಕೂರಿನಿಂದ ಆಚೆಗೆ ಹೋದದ್ದೇ ಬೆರಳೆಣಿಕೆಯಷ್ಟು ಸಲ. ಆದರೆ ಲೆಕ್ಕ ಹಾಕಿ ನೋಡಿದರೆ ನಾನೂ ಕಡಿಮೆ ಪ್ರಯಾಣ ಮಾಡಿದವಳಲ್ಲ. ನಮ್ಮ ಹಳ್ಳಿಯಿಂದ ಚೇಳೂರಿಗೆ ನಾಲ್ಕು ಕಿಲೋಮೀಟರು ಗರಸಿನ ದಾರಿ. ಹೋಗಿಬರಲು ದಿನಕ್ಕೆ ಎಂಟು. ವರ್ಷಕ್ಕೆ ಇನ್ನೂರು ದಿನವೆಂದರೂ ೧,೬೦೦. ಕೊರೋನಾ ಕಾಲದ ರಜೆಯನ್ನು ಕಳೆದು ಆರು ವರ್ಷವೆಂದು ಹಿಡಿದರೆ ೯,೬೦೦ ಕಿಲೋಮೀಟರು. ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ಹೋಗಿ ಮರಳಿ ಬರುವುದಕ್ಕಿಂತಲೂ ಹೆಚ್ಚು! ಆದ್ದರಿಂದ ನನ್ನದೂ ಒಂದು ಪ್ರವಾಸಕಥನವೇ ಎಂದು ವಾಚಕರು ಒಪ್ಪಿಕೊಳ್ಳಬೇಕು.

ಭೂಗೋಳದ ಪುಸ್ತಕದಲ್ಲಿ ನಮ್ಮ ಸೀಮೆಗೆ ಪ್ರಸ್ಥಭೂಮಿಯೆಂದು ಹೆಸರು. ಗುಬ್ಬಿಯ ಸುತ್ತಿನ ನೆಲ ಸಮುದ್ರಮಟ್ಟದಿಂದ ಸುಮಾರು ೨,೫೦೦ ಅಡಿ ಎತ್ತರದಲ್ಲಿದೆ. ಆದರೆ ಸೈಕಲ್ ತುಳಿಯುವವರಿಗೆ ಅದು ಬರಿಯ ಸಮತಟ್ಟು ಬಯಲಲ್ಲ. ಒಂದು ದಿಣ್ಣೆ, ಒಂದು ಹಳ್ಳ, ಮತ್ತೆ ದಿಣ್ಣೆ. ಎರಡು ಪಕ್ಕಕ್ಕೂ ರಾಗಿಯ ಹೊಲ, ತೆಂಗಿನ ತೋಟ, ಬೇಲಿಯಂಚಿನಲ್ಲಿ ಹಲಸಿನ ಮರಗಳು. ಬೆಳಗಿನ ಹೊತ್ತಿನಲ್ಲಿ ಎದುರಾಗುವ ವಾಹನಗಳೆಂದರೆ ಡೈರಿಗೆ ಹಾಲು ಒಯ್ಯುವ ಒಂದೆರಡು ಮೊಪೆಡ್ಡುಗಳು, ಬಿತ್ತನೆಯ ಕಾಲವಾದರೆ ಒಂದು ಟ್ರ್ಯಾಕ್ಟರು. ದಾರಿಗೆ ಅಡ್ಡ ನಿಲ್ಲುವ ಹಕ್ಕು ಕುರಿಮಂದೆಗೆ ಮಾತ್ರ.

ನನಗೆ ಸೈಕಲ್ ಬಂದದ್ದು ೨೦೧೮ರಲ್ಲಿ, ಎಂಟನೆಯ ತರಗತಿಯಲ್ಲಿದ್ದಾಗ. ರಾಜ್ಯ ಸರ್ಕಾರವು ೨೦೦೬–೦೭ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಕೊಟ್ಟ ಸೈಕಲ್ಲು ಅದು. ನಮ್ಮ ಮನೆಗೆ ಬಂದ ಮೊದಲನೆಯ ಹೊಸ ವಾಹನ. ಅಪ್ಪ ಓದಿದ್ದು ನಾಲ್ಕನೆಯ ತರಗತಿ. ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಇಬ್ಬರೂ ಸೇರಿ ಅದಕ್ಕೆ ಕುಂಕುಮ ಹಚ್ಚಿ, ನಿಂಬೆಹಣ್ಣನ್ನು ಚಕ್ರದ ಕೆಳಗಿಟ್ಟು ನನ್ನನ್ನು ಕಳಿಸಿಕೊಟ್ಟರು. ಮೊದಲನೆಯ ಇಳಿಜಾರಿನಲ್ಲಿಯೇ ನಾನು ಬಿದ್ದು ಮೊಣಕಾಲು ಒಡೆದುಕೊಂಡೆ.

ಗರಸಿನ ಮೇಲೆ ಸೈಕಲ್ ಹೊಡೆಯುವುದು ಒಂದು ವಿದ್ಯೆ. ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿಯಬಾರದು. ಹಿಡಿದರೆ ಚಕ್ರ ನಿಲ್ಲುತ್ತದೆ, ಕೆಳಗಿನ ಹರಳು ನಿಲ್ಲುವುದಿಲ್ಲ. ಹಿಂದಿನ ಬ್ರೇಕನ್ನು ಮೆಲ್ಲಮೆಲ್ಲನೆ ಒತ್ತಬೇಕು. ಸಡಿಲ ಗರಸು ದಾರಿಯ ಅಂಚಿಗೂ ನಡುವಿಗೂ ಸರಿದು ಗುಡ್ಡೆಯಾಗುತ್ತದೆ. ಗಾಡಿಯ ಚಕ್ರ ಹಾದ ಜಾಡು ಮಾತ್ರ ಗಟ್ಟಿ. ಕಣ್ಣು ಮುಂದಿನ ಹತ್ತು ಮಾರಿನ ಮೇಲಿರಬೇಕೇ ಹೊರತು ಚಕ್ರದ ಮೇಲಲ್ಲ. ಹ್ಯಾಂಡಲನ್ನು ಬಿಗಿಹಿಡಿದಷ್ಟೂ ಅದು ಒದರುತ್ತದೆ. ಚೇಳೂರಿನ ಸೈಕಲ್ ಶಾಪಿನ ಯಜಮಾನರು ಒಂದು ದಿನ ನನ್ನ ಟಯರನ್ನು ಒತ್ತಿ ನೋಡಿ, "ಮಣ್ಣಿನ ದಾರಿಗೆ ಗಾಳಿ ಸ್ವಲ್ಪ ಕಮ್ಮಿ ಇರಲಿ ಕಣಮ್ಮ, ಟಯರು ನೆಲವನ್ನ ತಬ್ಬಿಕೊಳ್ಳಬೇಕು" ಎಂದರು. ಅಂದಿನಿಂದ ನಾನು ಬೀಳುವುದು ಕಡಿಮೆಯಾಯಿತು. ಮಳೆ ಬಂದರೆ ಮಾತ್ರ ಯಾವ ವಿದ್ಯೆಯೂ ನಡೆಯದು. ಕೆಮ್ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರವೇ ತಿರುಗುವುದಿಲ್ಲ. ಕಡ್ಡಿಯಿಂದ ಕೆರೆದು, ತಳ್ಳಿ, ಮತ್ತೆ ಕೆರೆಯಬೇಕು. ಜಾಲಿಮುಳ್ಳಿನ ಕೃಪೆಯಿಂದ ಪಂಕ್ಚರ್ ಹಾಕುವುದನ್ನೂ ಕಲಿತೆ. ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುವಾಗಿನ ಏಕಾಗ್ರತೆ ನನಗೆ ಪರೀಕ್ಷಾ ಮಂದಿರದಲ್ಲೂ ಬಂದದ್ದಿಲ್ಲ.

ನನ್ನ ತಂಗಿ ೨೦೨೧ರಲ್ಲಿ ಎಂಟನೆಯ ತರಗತಿಗೆ ಬಂದಾಗ ಅವಳಿಗೆ ಸೈಕಲ್ ಬರಲಿಲ್ಲ. ಹಾಗಾಗಿ ಒಂದೇ ಸೈಕಲ್ಲಿಗೆ ಇಬ್ಬರು ಒಡತಿಯರಾದೆವು. ನಾನು ತುಳಿಯುವುದು, ಅವಳು ಕ್ಯಾರಿಯರಿನ ಮೇಲೆ ಕೂರುವುದು. ದಿಣ್ಣೆಯಲ್ಲಿ ಇಬ್ಬರೂ ಇಳಿದು ತಳ್ಳುವುದು. ಅವಳನ್ನು ಚೇಳೂರಿನ ಶಾಲೆಯ ಬಳಿ ಇಳಿಸಿ, ಸೈಕಲ್ಲನ್ನು ಶಾಪಿನಲ್ಲಿ ನಿಲ್ಲಿಸಿ ನಾನು ಬಸ್ಸು ಹಿಡಿಯುತ್ತಿದ್ದೆ. ೨೦೨೩ರ ಜೂನ್ ೧೧ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಪ್ರಯಾಣ ಹೆಣ್ಣುಮಕ್ಕಳಿಗೆ ಉಚಿತವಾಯಿತು, ನಾನು ಬಿ.ಎ. ಸೇರಲು ಅದೂ ಒಂದು ಕಾರಣ. ಆದರೆ ನಮ್ಮ ಹಳ್ಳಿಗೆ ಬಸ್ಸೇ ಇಲ್ಲ. ಬಸ್ಸಿನವರೆಗಿನ ನಾಲ್ಕು ಕಿಲೋಮೀಟರು ಸೈಕಲ್ಲಿನದೇ ಆಗಿ ಉಳಿಯಿತು.

ಅದರಲ್ಲಿ ನನಗೆ ಬೇಸರವಿರಲಿಲ್ಲ. ಹಿಂದಿನಿಂದ ಹಾರನ್ನಿನ ಸದ್ದಿಲ್ಲ, ಲಾರಿಯ ಭಯವಿಲ್ಲ. ತಂಗಿ ಹಿಂದೆ ಕುಳಿತು ನನ್ನ ನೋಟ್ಸನ್ನು ಬಿಡಿಸಿಕೊಂಡು ಪ್ರಶ್ನೆ ಕೇಳುವಳು, ನಾನು ತುಳಿಯುತ್ತ ಉತ್ತರ ಹೇಳುವೆನು. ಇತಿಹಾಸದ ಇಸವಿಗಳನ್ನೆಲ್ಲ ನಾನು ಬಾಯಿಪಾಠ ಮಾಡಿದ್ದು ಈ ದಾರಿಯಲ್ಲಿಯೇ. ತಪ್ಪು ಹೇಳಿದರೆ ಬೆನ್ನಿಗೆ ಒಂದು ಗುದ್ದು ಬೀಳುತ್ತಿತ್ತು.

ಕಳೆದ ಚಳಿಗಾಲದ ಒಂದು ಭಾನುವಾರ ಮೂವರು ಸವಾರರು ನಮ್ಮ ಜಗಲಿಯ ಮುಂದೆ ಸೈಕಲ್ ನಿಲ್ಲಿಸಿ ನೀರು ಕೇಳಿದರು. ಬೆಂಗಳೂರಿನವರು. ಬಾಗಿದ ಹ್ಯಾಂಡಲು, ದಪ್ಪ ಟಯರು, ತಲೆಗೆ ಶಿರಸ್ತ್ರಾಣ. "ಅಜ್ಜಿ, ಡಾಂಬರು ಸಿಗದ ಹಾಗೆ ಹಾಗಲವಾಡಿ ಕಡೆಗೆ ಹೋಗಲು ದಾರಿ ಇದೆಯೇ?" ಎಂದು ಒಬ್ಬರು ಕೇಳಿದರು. ಅಜ್ಜಿಗೆ ತನ್ನ ಕಿವಿಯ ಮೇಲೆಯೇ ಅನುಮಾನ ಬಂತು. ಅವರು ಹೋದಮೇಲೆ, "ಏನವ್ವಾ, ದುಡ್ಡು ಕೊಟ್ಟು ಧೂಳು ಕುಡಿಯೋಕ್ ಬಂದವ್ರಲ್ಲ ಇವ್ರು!" ಎಂದಳು.

ಆ ರಾತ್ರಿ ನಾನು ಮೊಬೈಲಿನಲ್ಲಿ ಹುಡುಕಿ ಓದಿದೆ. ಗರಸಿನ ದಾರಿಯ ಸವಾರಿಯೇ ಈಗ ಒಂದು ಕ್ರೀಡೆ. ಅಮೆರಿಕದ ಕಾನ್ಸಾಸ್ ಸಂಸ್ಥಾನದ ಎಂಪೋರಿಯಾ ಊರಿನಲ್ಲಿ ೨೦೦೬ರಿಂದ ಇನ್ನೂರು ಮೈಲಿಗಳ ಗರಸಿನ ಪಂದ್ಯ ನಡೆಯುತ್ತಿದೆಯಂತೆ. ಇಟಲಿಯ ಟಸ್ಕನಿಯಲ್ಲಿ ಬಿಳಿ ಗರಸಿನ ಹಳ್ಳಿದಾರಿಗಳಿವೆ. ಅವು ಡಾಂಬರಿನಡಿ ಅಳಿಯಬಾರದೆಂದು ಅಲ್ಲಿಯವರು ೧೯೯೭ರಲ್ಲಿ 'ಲೆರೋಯಿಕಾ' ಎಂಬ ಸೈಕಲ್ ಸವಾರಿಯನ್ನೇ ಆರಂಭಿಸಿದರಂತೆ. ಅವರು ಹಳೆಯ ಕಾಲದ ಸೈಕಲ್ಲುಗಳಲ್ಲಿ ಹೋಗುತ್ತಾರೆಂದು ಓದಿ ನನಗೆ ನಗು ಬಂತು. ಹಾಗಾದರೆ ನಮ್ಮದಕ್ಕೂ ಪ್ರವೇಶ ಸಿಕ್ಕೀತು!

ನಗುವಿನ ಜೊತೆಗೆ ಹೆಮ್ಮೆಯೂ ಬಂತು. ನಮ್ಮ ಚೇಳೂರಿನಲ್ಲಿ ಎಸ್. ಕೆ. ಸಿದ್ದಪ್ಪನವರು ನೆಟ್ಟ ಒಂದು ಹಲಸಿನ ಮರವಿದೆ. ಕೆಂಪು ತೊಳೆಯ ಆ ಹಣ್ಣನ್ನು ಮನೆಯವರು, ನೆಂಟರು ವರ್ಷಗಳಿಂದ ತಿನ್ನುತ್ತಲೇ ಇದ್ದರು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ಪರೀಕ್ಷಿಸಿ, ೨೦೧೭ರಲ್ಲಿ ಸಿದ್ದಪ್ಪನವರ ಮಗ ಪರಮೇಶ್ ಅವರೊಡನೆ ಒಪ್ಪಂದ ಮಾಡಿಕೊಂಡ ಮೇಲೆ ಅದು 'ಸಿದ್ದು' ಹಲಸೆಂದು ಹೆಸರಾಯಿತು. ಕಸಿ ಸಸಿಗಳಿಗೆ ಜನ ಕಾದು ನಿಂತರು. ನಮ್ಮ ದಾರಿಯೂ ಹಾಗೆಯೇ ಏಕಾಗಬಾರದು? ಮರುದಿನ ಊಟಕ್ಕೆ ಕುಳಿತಾಗ, "ನಮ್ಮ ರಸ್ತೆಗೆ ಡಾಂಬರು ಬರದಿದ್ದರೇ ಒಳ್ಳೆಯದು" ಎಂದುಬಿಟ್ಟೆ.

ಅಪ್ಪ ಮಾತನಾಡಲಿಲ್ಲ. ಅಜ್ಜಿ ಮಾತ್ರ ತಟ್ಟೆಯಿಂದ ತಲೆಯೆತ್ತಿ, "ಅವತ್ತು ರಾತ್ರಿ ಹಿಂದ್ಲಿಂದ ತಳ್ಳಿದ್ದು ನೀನೇ ಅಲ್ವೇನೇ? ಮರ್ತ್‌ಬುಟ್ಯಾ?" ಎಂದಳು.

೨೦೨೨ರ ಮಳೆಗಾಲ. ನಡುರಾತ್ರಿ ಅಜ್ಜಿಗೆ ಉಸಿರು ಕಟ್ಟಿತು. ಚೇಳೂರಿನಿಂದ ಹೊರಟ ಆಟೋ ಹಳ್ಳದಾಚೆಯ ಕೆಸರಿನಲ್ಲಿ ಹೂತು ನಿಂತಿತು. ಅಜ್ಜಿಯನ್ನು ಕಂಬಳಿಯಲ್ಲಿ ಸುತ್ತಿ ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿದೆವು. ಅಪ್ಪ ಹ್ಯಾಂಡಲ್ ಹಿಡಿದರು, ಅಮ್ಮ ಅಜ್ಜಿಯನ್ನು ತಬ್ಬಿಕೊಂಡು ನಡೆದಳು, ತಂಗಿ ಟಾರ್ಚು ಹಿಡಿದಳು, ನಾನು ಹಿಂದಿನಿಂದ ತಳ್ಳಿದೆ. ಎರಡು ಕಿಲೋಮೀಟರಿಗೆ ಒಂದು ಗಂಟೆಯ ಮೇಲಾಯಿತು. ಮೂರು ಸಲ ನಿಂತು ಚಕ್ರದ ಮಣ್ಣು ಕೆರೆದೆವು. ಕೆರೆಯುವಾಗಲೆಲ್ಲ ಅಜ್ಜಿಯ ಎದೆಯ ಸದ್ದು ನನ್ನ ಕಿವಿಯ ಹತ್ತಿರವೇ ಕೇಳುತ್ತಿತ್ತು. ಅಜ್ಜಿ ಬದುಕಿದಳು. ಹಾಗೆ ಬದುಕದೆ ಹೋದವರೂ ನಮ್ಮ ಊರಿನಲ್ಲಿದ್ದಾರೆ.

ನಾನು ತಟ್ಟೆ ಎತ್ತಿಕೊಂಡು ಎದ್ದೆ. ಅಂದಿನಿಂದ ಈ ವಿಚಾರವನ್ನು ಅದೇ ದಾರಿಯಲ್ಲಿ ತುಳಿಯುತ್ತಲೇ ಯೋಚಿಸಿದ್ದೇನೆ. ಟಸ್ಕನಿಯವರಿಗೆ ಬಿಳಿಯ ದಾರಿ ಉಳಿಯಲಿ ಎನ್ನಲು ಪಕ್ಕದಲ್ಲಿ ಕರಿಯ ದಾರಿಯೂ ಇದೆ. ಆ ಮೂವರು ಸವಾರರಿಗೆ ಸೋಮವಾರ ಹಿಂದಿರುಗಲು ಬೆಂಗಳೂರಿದೆ. ನಮಗೆ ಇದ್ದದ್ದು ಇದೊಂದೇ. ಇಷ್ಟವಾದ ದಾರಿಯೆಂದು ಒಂದನ್ನು ಆರಿಸಿಕೊಳ್ಳಬೇಕಾದರೆ ಮೊದಲು ಎರಡು ದಾರಿ ಇರಬೇಕು. ನಾನು ಈ ದಾರಿಯನ್ನು ಪ್ರೀತಿಸಿದ್ದು ಸುಳ್ಳಲ್ಲ. ಆದರೆ ಅದು ಹೀಗೆಯೇ ಇರಲಿ ಎಂದು, ನಾಳೆ ಪದವಿ ಪಡೆದು ಊರು ಬಿಡಬಹುದಾದ ನಾನು ಹೇಳುವುದು ನ್ಯಾಯವಲ್ಲ.

ಈ ವರ್ಷ ದಾರಿಯ ಪಕ್ಕದಲ್ಲಿ ಜಲ್ಲಿಯ ರಾಶಿಗಳು ಬಂದು ಬಿದ್ದಿವೆ. ನೋಡಿದಾಗ ನನಗೆ ಏನೋ ಕಳೆದುಕೊಳ್ಳುತ್ತಿರುವಂತೆ ಆಗುತ್ತದೆ. ಅಜ್ಜಿಯೋ ದಿನವೂ ರಾಶಿಗಳನ್ನು ಎಣಿಸಿ ಬರುತ್ತಾಳೆ. ಡಾಂಬರು ಬಿದ್ದ ಮೊದಲ ಸಂತೆಯ ದಿನ ಅವಳನ್ನು ಅದೇ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಚೇಳೂರಿಗೆ ಹೋಗಬೇಕೆಂದು ಮಾತಾಗಿದೆ. ಬರುವಾಗ ಮಾತ್ರ ಕೆರೆಯ ಏರಿಯ ಹಿಂದಿನ ಬಂಡಿಜಾಡಿನಲ್ಲಿ ಬರೋಣವೆಂದು ನಾನು ಕೇಳಿದ್ದೇನೆ. ಅಜ್ಜಿ ಇನ್ನೂ ಒಪ್ಪಿಲ್ಲ.