ನಮ್ಮ ಕೌದಿ ಗುಂಪಿನ ಮಧ್ಯಾಹ್ನಗಳು

ಮಧ್ಯಾಹ್ನದ ಊಟವಾಗಿ, ಅಡಿಗೆಮನೆ ಒರೆಸಿ, ಗಂಡಸರು ಅಂಗಡಿಗೋ ಆಫೀಸಿಗೋ ಮತ್ತೆ ಹೊರಟುಹೋದ ಮೇಲೆ ಸಿಗುವ ಎರಡು ತಾಸು ಇದೆಯಲ್ಲ, ಅದೊಂದೇ ನಾವು ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲದ ಹೊತ್ತು. ಕೆಲವರು ಮಲಗುತ್ತಾರೆ, ಕೆಲವರು ಧಾರಾವಾಹಿ ನೋಡುತ್ತಾರೆ. ನಾವು ಕೆಲವರು ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಗುರುವಾರ, ಓಣಿಯ ಗುಡಿಯ ಪಡಸಾಲೆಯಲ್ಲಿ ಕೂತು ಕೌದಿ ಹೊಲಿಯುತ್ತೇವೆ.

ಕೌದಿ ಗೊತ್ತಲ್ಲ? ಮೈಸೂರು ಕಡೆಯ ಸೋದರಿಯರಿಗೆ ಬೊಂತೆ ಎಂದರೆ ಬೇಗ ತಿಳಿದೀತು. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣ ಬಣ್ಣದ ಕುಪ್ಪಸದ ಚೂರುಗಳನ್ನು ಜೋಡಿಸಿ, ಕೈಯಿಂದ ಸಣ್ಣ ಸಣ್ಣ ಹೊಲಿಗೆ ಹಾಕಿದ ಹೊದಿಕೆ. ಇಲ್ಲಿ ಗದಗ, ಧಾರವಾಡ, ಬಾಗಲಕೋಟೆ ಕಡೆ ಕೌದಿ ಇಲ್ಲದ ಮನೆ ಇರಲಿಲ್ಲ. ಕೂಸು ಹುಟ್ಟಿದರೆ ಕೌದಿ, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕೌದಿ. ಮಹಾನವಮಿ ಬಂತೆಂದರೆ ಮನೆಯ ಕೌದಿಗಳನ್ನೆಲ್ಲ ಚಕ್ಕಡಿಯಲ್ಲಿ ಹೇರಿಕೊಂಡು ಹೊಳೆಗೆ ಹೋಗುವುದು ನಮ್ಮ ತವರಿನಲ್ಲಿ ಒಂದು ಹಬ್ಬವೇ ಆಗಿತ್ತು. ಆಮೇಲೆ ಬಂತು ನೋಡಿ, ಪೇಟೆಯ ರಗ್ಗು. ಕೌದಿ ಅಟ್ಟ ಸೇರಿತು. ಕೆಲವರ ಮನೆಯಲ್ಲಿ ನಾಯಿಗೆ ಹಾಸಿದ್ದನ್ನೂ ನಾನು ಕಂಡಿದ್ದೇನೆ.

ನಮ್ಮ ಗುಂಪು ಶುರುವಾದದ್ದು 2014ರಲ್ಲಿ, ಐದೇ ಜನ. ಗುಂಪಿಗೊಂದು ಹೆಸರಿಲ್ಲ, ಬೋರ್ಡಿಲ್ಲ. ತಿಂಗಳಿಗೆ ತಲಾ ಇಪ್ಪತ್ತು ರೂಪಾಯಿ ಹಾಕಿ ಸೂಜಿ ದಾರ ತರುತ್ತಿದ್ದೆವು. ನಮ್ಮಲ್ಲಿ ನಿಜವಾಗಿ ಹೊಲಿಗೆ ಬಲ್ಲವರು ಇಬ್ಬರೇ: ಒಬ್ಬರು ಮೂಲೆಮನೆಯ ಅಜ್ಜಿ, ಇನ್ನೊಬ್ಬರು ನಮ್ಮ ಅತ್ತೆ. ಅಜ್ಜಿ ಮಾತಿನಲ್ಲಿ ಕಲಿಸಿದರೆ ಅತ್ತೆ ಬಿಚ್ಚಿ ಕಲಿಸುತ್ತಿದ್ದರು. "ಇದೇನ ಹೊಲಿಗೀನೋ, ಕೋಳಿ ಕೆದರಿದ್ದೋ?" ಎಂದು ಎಲ್ಲರೆದುರೇ ನನ್ನ ಸಾಲನ್ನು ಪೂರ್ತಿ ಬಿಚ್ಚಿಬಿಡುವುದು. ಮದುವೆಯಾಗಿ ಇಪ್ಪತ್ತು ವರ್ಷ ದಾಟಿತ್ತು, ನನಗೂ ಕಾಲೇಜಿಗೆ ಹೋಗುವ ಮಗಳಿದ್ದಳು. ಎಷ್ಟು ಸಲ ಕಣ್ಣಲ್ಲಿ ನೀರು ಬಂದಿದೆಯೋ.

ಹೊಲಿಯುವ ರೀತಿಯನ್ನು ಸ್ವಲ್ಪ ಹೇಳುತ್ತೇನೆ, ಮನೆಯಲ್ಲಿ ಮಾಡಿ ನೋಡಬೇಕೆನ್ನುವವರಿಗೆ ಉಪಯೋಗವಾದೀತು. ಒಂದು ಹಾಸಿಗೆಯ ಕೌದಿಗೆ ನಾಲ್ಕೈದು ಹಳೆಯ ನೂಲಿನ ಸೀರೆ ಬೇಕು. ಕೆಳಗೆ ಗಟ್ಟಿಯಿರುವ ಸೀರೆ, ನಡುವೆ ಸವೆದದ್ದು, ಮೇಲೆ ಚೆಂದದ್ದು. ನೆಲಕ್ಕೆ ಹಾಸಿ ನಾಲ್ಕು ಮೂಲೆಗೆ ಕಲ್ಲಿಟ್ಟು, ಸುಕ್ಕು ತೀಡಿ, ಮೊದಲು ದೂರ ದೂರ ಟಾಕು ಹಾಕಿಕೊಳ್ಳಬೇಕು. ಆಮೇಲೆ ಅಂಚಿನಿಂದ ಶುರುಮಾಡಿ, ಬೆರಳಗಲ ಬಿಟ್ಟು ಸುತ್ತ ಸುತ್ತ ಒಳಗೆ ಬರುತ್ತ ನಡುವಿನಲ್ಲಿ ಮುಗಿಸುವುದು. ನಡುವಿನಿಂದ ಹೊರಟರೆ ಅಂಚಿಗೆ ಬರುವಷ್ಟರಲ್ಲಿ ಬಟ್ಟೆಯೆಲ್ಲ ಸೊಟ್ಟ. ನೈಲಾನ್, ಪಾಲಿಯೆಸ್ಟರ್ ಸೀರೆ ಮಾತ್ರ ಸೇರಿಸಬೇಡಿ. ಸೂಜಿ ಜಾರುತ್ತದೆ, ಬೆವರು ಹೀರುವುದಿಲ್ಲ, ಒಲೆಯ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಇದೊಂದು ವಿಷಯದಲ್ಲಿ ನಮ್ಮಲ್ಲಿ ಜಗಳವೇ ಆಗಿ ಇಬ್ಬರು ಗುಂಪು ಬಿಟ್ಟರು. ಈಗಿನ ಮನೆಗಳಲ್ಲಿ ನೂಲಿನ ಸೀರೆ ಎಲ್ಲಿಂದ ತರೋಣ ಎನ್ನುವ ಅವರ ಮಾತಿನಲ್ಲೂ ನಿಜವಿತ್ತು ಅನ್ನಿ.

ಕೊನೆಗೆ ಒಂದು ಶಾಸ್ತ್ರ ಉಂಟು. ಮುಗಿಸುವ ಮೊದಲು ಒಂದು ಮೂಲೆಯಲ್ಲಿ ಸಣ್ಣ ರೊಟ್ಟಿಯ ಚೂರೋ ಹೋಳಿಗೆಯ ಚೂರೋ ಒಳಗಿಟ್ಟು ಹೊಲಿಯಬೇಕು. ಕೌದಿಯ ಹೊಟ್ಟೆ ಖಾಲಿ ಇರಬಾರದು, ಖಾಲಿಯಿದ್ದರೆ ಹೊದ್ದವರ ಹೊಟ್ಟೆಯೂ ಖಾಲಿ ಎನ್ನುತ್ತಿದ್ದರು ಅತ್ತೆ. ಇರುವೆ ಬರುವುದಿಲ್ಲವೇ ಎಂದು ಕೇಳಬೇಡಿ, ಬರುತ್ತದೆ. ಅದಕ್ಕೇ ಈಗ ನಾವು ನಾಲ್ಕು ಜೋಳದ ಕಾಳು ಇಡುತ್ತೇವೆ.

2016ರಲ್ಲಿ ಒಮ್ಮೆ ಯಲ್ಲಾಪುರ, ಹಳಿಯಾಳದ ಕಡೆ ಹೋಗಿದ್ದೆವು. ಅಲ್ಲಿ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿ ನೋಡಿ ನಮ್ಮ ಜಂಬ ಅರ್ಧ ಇಳಿಯಿತು. ಅವರ ಹಿರಿಯರು ನೂರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದವರು. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರೂ ಮೂಲೆಯಿಂದ ಹೊರಟು ಸುತ್ತ ಹೊಲಿಯುತ್ತ ನಡುವಿಗೇ ಬರುತ್ತಾರೆ. ಆದರೆ ನಮ್ಮ ಹಾಗೆ ಚೌಕ ಅಳೆದು ಕತ್ತರಿಸುವುದಿಲ್ಲ, ಕೈಗೆ ಸಿಕ್ಕ ಚೂರನ್ನು ಕಣ್ಣಳತೆಯಲ್ಲೇ ಮಡಿಸಿ ಕೂರಿಸುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಿಸಿ ಫೂಲ ಕಟ್ಟುತ್ತಾರೆ. ಫೂಲ ಇಲ್ಲದ ಕವಂದಿ ಅವರಿಗೆ ಬೋಳು. ಅಮೆರಿಕದ ಕಲಾ ಇತಿಹಾಸದ ಪ್ರಾಧ್ಯಾಪಕ ಹೆನ್ರಿ ಡ್ರೂವಲ್ ಅವರ ಕವಂದಿಗಳ ಅಧ್ಯಯನ ಮಾಡಿ, ಅಲ್ಲಿಯ ಪ್ರದರ್ಶನಗಳಲ್ಲೂ ಇಟ್ಟರು. ನಾವು ಅಟ್ಟಕ್ಕೆ ಎಸೆದದ್ದನ್ನು ಅವರು ಗೋಡೆಗೆ ತೂಗುಹಾಕಿ ನೋಡುತ್ತಾರೆ!

ದಾನದ ಯೋಚನೆ ಬಂದದ್ದು ಕೌದಿಗಳು ಹೆಚ್ಚಾದಾಗ. ಮನೆಗೆ ಎಷ್ಟು ಬೇಕು? ಮೊದಲು ಹೆರಿಗೆ ಆಸ್ಪತ್ರೆಗೆ ಕೂಸಿನ ಕೌದಿ ಕೊಡೋಣವೆಂದು ಹನ್ನೆರಡು ಹೊಲಿದು, ಕುಂಕುಮ ಹಚ್ಚಿ, ಬುಟ್ಟಿಯಲ್ಲಿಟ್ಟುಕೊಂಡು ಹೋದೆವು. ಅಲ್ಲಿಯ ನರ್ಸ್ ಬಾಯಿ ಒಂದನ್ನು ಎತ್ತಿ ಮೂಸಿ ನೋಡಿ, "ವಾಪಸ್ ಒಯ್ಯಿರಿ" ಎಂದುಬಿಟ್ಟಳು. ನಮಗೆ ಸಿಟ್ಟು ನೆತ್ತಿಗೇರಿತು. ಕಾರಣ ಕೇಳಿದ ಮೇಲೆ ತಲೆ ತಗ್ಗಿಸಿದೆವು. ಟ್ರಂಕಿನಲ್ಲಿ ನುಸಿ ಗುಳಿಗೆ ಹಾಕಿಟ್ಟ ಬಟ್ಟೆಯನ್ನು ಹಸುಗೂಸಿಗೆ ಸುತ್ತಿದರೆ, ಕೆಲವು ಕೂಸುಗಳ ರಕ್ತದ ಕಣ ಒಡೆದು ಕಾಮಾಲೆ ಏರಿ ಜೀವಕ್ಕೇ ಕುತ್ತು ಬರಬಹುದಂತೆ. ಇದನ್ನು ಓದುವ ಬಾಣಂತಿಯರ ತಾಯಂದಿರು ದಯವಿಟ್ಟು ನೆನಪಿಡಿ. ಅಂದಿನಿಂದ ಕೂಸಿನ ಕೌದಿಗೆ ಬೇರೆಯೇ ನಿಯಮ: ನುಸಿ ಗುಳಿಗೆ ಕಾಣದ ಬಟ್ಟೆ, ಕುದಿಸಿ ಒಗೆದು ಬಿಸಿಲಲ್ಲಿ ಒಣಗಿಸಿದ್ದು, ಎರಡೇ ಪದರ, ಗುಂಡಿ ಕನ್ನಡಿ ಏನೂ ಇಲ್ಲ, ಜೋತಾಡುವ ದಾರವಿಲ್ಲ. ಮುಖದ ಮೇಲೆ ಹೊದಿಸುವುದಕ್ಕಲ್ಲ, ಕೆಳಗೆ ಹಾಸುವುದಕ್ಕೆ. ಆ ನರ್ಸ್ ಬಾಯಿ ಈಗ ನಮ್ಮ ಗುಂಪಿನ ಹಿತೈಷಿ.

ಮಾರಾಟವನ್ನೂ ಮಾಡಿ ನೋಡಿದೆವು. ಪಟ್ಟಣದ ಒಂದು ಅಂಗಡಿಯವರು ಹತ್ತು ಕೌದಿ ಒಯ್ದವರು ಇವತ್ತಿಗೂ ಹಣ ಕೊಟ್ಟಿಲ್ಲ. ಅದನ್ನು ಬರೆಯುತ್ತ ಕೂತರೆ ಪುಟ ಸಾಲದು, ಬಿಡಿ.

2017ರ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ಅವರ ಟ್ರಂಕಿನಲ್ಲಿ ಹದಿನೇಳು ಸೀರೆಯಿದ್ದವು. ಹೆಚ್ಚಿನವು ಇಳಕಲ್ಲಿನ ನೂಲಿನವು, ಟೋಪಿ ಸೆರಗಿನವು. ಯಜಮಾನರು ಟ್ರಂಕಿಗೆ ಬೀಗ ಹಾಕಿ ಮಂಚದ ಕೆಳಗೆ ತಳ್ಳಿದರು. ನಾನೂ ಸುಮ್ಮನಿದ್ದೆ. ಸತ್ತವರ ಸೀರೆ ಉಡಬಾರದು, ಕೊಡಬಾರದು ಎಂದು ಒಬ್ಬರು, ಹೊಳೆಗೆ ಬಿಡಬೇಕೆಂದು ಇನ್ನೊಬ್ಬರು. ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ನಾನು ಅವರ ಮೇಲೆ ಮುನಿಸಿಕೊಂಡವಳು ಮುನಿಸಿಕೊಂಡೇ ಇದ್ದೆ. ಆ ಸೀರೆಗಳನ್ನು ಮುಟ್ಟಲು ನನಗೇನು ಹಕ್ಕು ಅನಿಸುತ್ತಿತ್ತು.

2019ರ ಆಗಸ್ಟ್. ಪಂಚಮಿಯ ಉಂಡಿ ಇನ್ನೂ ಡಬ್ಬಿಯಲ್ಲಿತ್ತು. ಮೇಲೆ ಮಳೆ ಹಿಡಿದು ನವಿಲುತೀರ್ಥದ ಅಣೆಕಟ್ಟು ತುಂಬಿ ನೀರು ಬಿಟ್ಟರು. ಮಲಪ್ರಭೆ ಊರೂರು ನುಗ್ಗಿತು. 2009ರ ಪ್ರವಾಹ ಕಂಡವರಿಗೆ ಮತ್ತೆ ಅದೇ ಗೋಳು. ನಮ್ಮೂರಲ್ಲೂ ಬಟ್ಟೆ ಕೂಡಿಸುವ ಕೆಲಸ ಶುರುವಾಯಿತು. ಏನೇನು ಕೊಟ್ಟರು ಗೊತ್ತೇ? ಬಗಲು ಹರಿದ ಕುಪ್ಪಸ, ಒಂಟಿ ಕಾಲುಚೀಲ, ಎಣ್ಣೆ ಜಿಡ್ಡಿನ ಲಂಗ. ಮನೆಯ ಕಸ ಖಾಲಿಮಾಡಿ ಪುಣ್ಯ ಕಟ್ಟಿಕೊಂಡವರನ್ನು ಏನೆನ್ನಬೇಕೋ. ಎರಡು ಚೀಲದಲ್ಲಿ ಕೌದಿಗೆ ಬರುವಂಥದ್ದು ಆರೇ ಸೀರೆ. ಅವತ್ತು ರಾತ್ರಿ ಯಜಮಾನರಿಂದ ಕೀಲಿ ಕೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೀಲಿ ತಂದು ನನ್ನ ಕೈಗೆ ಕೊಡದೆ ದೇವರ ಕಟ್ಟೆಯ ಮೇಲಿಟ್ಟು ಮಲಗಲು ಹೋದರು.

ಹದಿನಾರು ಸೀರೆ ತೆಗೆದೆ. ಹಗಲು ರಾತ್ರಿ ಕೂತು ಒಂಬತ್ತು ದಿನಕ್ಕೆ ಹನ್ನೊಂದು ಕೌದಿ ಮುಗಿಸಿದೆವು. ಅವಸರದಲ್ಲಿ ಬೆರಳಗಲ ಹೋಗಿ ಅಂಗೈಯಗಲ ಹೊಲಿಗೆ. ಹೊಟ್ಟೆ ತುಂಬಿಸುವ ಶಾಸ್ತ್ರವೂ ಮರೆತೇ ಹೋಯಿತು.

ಹೊಳೆದಂಡೆಯ ಆ ಹಳ್ಳಿಯವರು ಎತ್ತರದ ಒಂದು ಶಾಲೆಯಲ್ಲಿದ್ದರು. ನನ್ನ ವಯಸ್ಸಿನವಳೇ ಒಬ್ಬಳು, ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಕೌದಿ ಕೊಟ್ಟೆ. ಅವಳು ಬಿಚ್ಚಿ ನೋಡಲಿಲ್ಲ. ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದಳು.

"ಈ ಸೀರಿ ಯಾರವ್ವಾ?"

"ನಂದವಾ" ಎಂದೆ. ಯಾಕೆ ಹಾಗೆಂದೆನೋ. ಸತ್ತವರದೆಂದರೆ ತಗೊಳ್ಳಲಿಕ್ಕಿಲ್ಲ, ಕೂಸಿಗೆ ಚಳಿ, ಅಷ್ಟೇ ತಲೆಯಲ್ಲಿ ಬಂದದ್ದು.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಾನು ಉಟ್ಟದ್ದು ಹೂವಿನ ಚಿತ್ರದ ಪಾಲಿಯೆಸ್ಟರ್ ಸೀರೆ. "ಹೌದೇನು" ಎಂದಳು. ಆಮೇಲೆ ತನ್ನ ಮಾತು ತೆಗೆದಳು: ಅವರವ್ವ ಹೊಲಿದ ಏಳು ಕೌದಿ ಇದ್ದವಂತೆ. ನೀರು ಕುಡಿದ ಕೌದಿ ಎಷ್ಟು ಭಾರ ಆಗುತ್ತದೆಂದು ಒಗೆದವರಿಗೇ ಗೊತ್ತು. ಕೂಸನ್ನು ಎತ್ತಿಕೊಳ್ಳಬೇಕೋ ಕೌದಿ ಎಳೆಯಬೇಕೋ? ಬಿಟ್ಟು ಬಂದಳು. "ಹೊಚ್ಚಗೊಳ್ಳಾಕ ಸರಕಾರದವರು ಚಾದರ ಕೊಡ್ತಾರ್ರೀ. ಸೂಜಿ ದಾರ ಯಾರೂ ತರಾಂಗಿಲ್ಲ. ದಿನಾ ಹಿಂಗ ಕುಂತ್ರ ತಲಿ ಕೆಟ್ಟು ಹೋಗತೈತಿ."

ಈ ಮಾತು ನಮಗೆ ಯಾರಿಗೂ ಹೊಳೆದಿರಲಿಲ್ಲ. ಹದಿನೈದು ದಿನ ಬಿಟ್ಟು ಮತ್ತೆ ಹೋದಾಗ ಕೌದಿ ಒಯ್ಯಲಿಲ್ಲ. ಐವತ್ತು ಸೂಜಿ, ದಾರದ ಉಂಡೆಗಳು, ಮೂರು ಕತ್ತರಿ, ದರ್ಜಿಗಳ ಅಂಗಡಿಯಿಂದ ಬೇಡಿ ತಂದ ಹೊಸ ಬಟ್ಟೆಯ ಚೂರು ಒಯ್ದೆವು. ಶಾಲೆಯ ಪಡಸಾಲೆಯಲ್ಲಿ ಅವರೂ ನಾವೂ ಕೂತು ಹೊಲಿದೆವು. ಅವರ ಕೈಚಳಕದ ಮುಂದೆ ನಮ್ಮದು ಏನೂ ಅಲ್ಲ. ಒಬ್ಬಾಕೆ ನನ್ನ ಸಾಲು ನೋಡಿ ನಕ್ಕಾಗ ಯಾರದೋ ನೆನಪಾಗಿ ಮೈ ಜುಮ್ಮೆಂದಿತು.

ನಾನು ಕೊಟ್ಟ ಕೌದಿ ಕಾಂಪೌಂಡಿನ ಮೇಲೆ ಒಣಗುತ್ತಿತ್ತು. ಒಂದು ಮೂಲೆಯ ಹೊಲಿಗೆ ಮಾತ್ರ ಬೇರೆ, ಕೆಂಪು ದಾರ. ಅವಳೇ ಬಂದು ತೋರಿಸಿದಳು: "ಇದರ ಹೊಟ್ಟಿ ಖಾಲಿ ಇತ್ತವ್ವಾ. ನೀವು ಪ್ಯಾಟಿ ಮಂದಿ ಮರೀತೀರಿ. ಬಿಚ್ಚಿ ಒಂಚೂರು ರೊಟ್ಟಿ ಇಟ್ಟೀನಿ."

ಆಗ ನನಗೆ ತಡೆಯಲಾಗಲಿಲ್ಲ. "ಆ ಸೀರಿ ನಂದಲ್ಲವಾ, ನಮ್ಮತ್ತೀದು. ತೀರಕೊಂಡಾರ" ಎಂದುಬಿಟ್ಟೆ. ಎತ್ತಿ ಎಸೆದಾಳು ಎಂದೇ ಅಂದುಕೊಂಡಿದ್ದೆ.

"ಎಷ್ಟ ವರ್ಷ ಆತು?"

"ಎರಡು."

"ಹೆಂಗಿದ್ರು?"

ಅವರ ಬಗ್ಗೆ ಓಣಿಯವರೆದುರು, ತವರಿನಲ್ಲಿ, ಯಜಮಾನರ ಹತ್ತಿರ ನಾನು ಹೇಳಿದ ದೂರುಗಳಿಗೆ ಲೆಕ್ಕವಿಲ್ಲ. ಒಂದೂ ಬಾಯಿಗೆ ಬರಲಿಲ್ಲ. "ಹೊಲಿಗಿ ಚಲೋ ಹಾಕತಿದ್ರು" ಎಂದೆ. ಅವಳು ತಲೆಯಾಡಿಸಿ ಕೌದಿಯನ್ನು ಮಗ್ಗುಲು ಬದಲಿಸಿ ಬಿಸಿಲಿಗೆ ಹಾಕಿದಳು.

ಅಮೆರಿಕದಲ್ಲಿರುವ ನಮ್ಮ ಪಕ್ಕದ ಮನೆಯ ಮಗಳಿಗೆ ಈ ಸಂಗತಿ ಹೇಳಿದಾಗ ಅವಳೊಂದು ಮಾತು ತಿಳಿಸಿದಳು. ಅಲ್ಲಿ ಏಡ್ಸ್ ರೋಗದಿಂದ ತೀರಿಕೊಂಡವರ ಹೆಸರಿನಲ್ಲಿ ಮನೆಯವರು, ಸ್ನೇಹಿತರು ಒಂದೊಂದು ತುಂಡು ಹೊಲಿದು, ಎಲ್ಲ ಜೋಡಿಸಿ 1987ರಲ್ಲಿ ವಾಷಿಂಗ್ಟನ್ನಿನ ಬಯಲಿನಲ್ಲಿ ಹಾಸಿದ್ದರಂತೆ. ಒಂದೊಂದು ತುಂಡು ಮೂರಡಿ ಅಗಲ, ಆರಡಿ ಉದ್ದ. ಕೆಲವಕ್ಕೆ ಸತ್ತವರ ಬಟ್ಟೆಯನ್ನೇ ಹಚ್ಚಿದ್ದರಂತೆ. ಮೂಲೆಮನೆಯ ಅಜ್ಜಿಗೆ ಇದನ್ನು ಹೇಳಿದೆ. "ಮತ್ತ ಇನ್ನೇನು, ಉಟ್ಟ ಸೀರಿ ಎಲ್ಲಿಗೆ ಹೋಗಬೇಕು?" ಎಂದು ಸೂಜಿಗೆ ದಾರ ಪೋಣಿಸಲು ನನ್ನ ಕೈಗೇ ಕೊಟ್ಟರು.

2020ರಲ್ಲಿ ಎಲ್ಲ ಬಾಗಿಲು ಹಾಕಿದಾಗ ನಾವು ಅವರವರ ಮನೆಯಲ್ಲೇ ಕೂತು ಮೂರು ಪದರದ ನೂಲಿನ ಮಾಸ್ಕ್ ಹೊಲಿದೆವು. ಪಡಸಾಲೆ ಮತ್ತೆ ತುಂಬಲು ಬಹಳ ದಿನ ಹಿಡಿಯಿತು. ಅಜ್ಜಿ ಈಗಿಲ್ಲ. ಗುಂಪಿನಲ್ಲಿ ಇಪ್ಪತ್ತು ಜನ ಇದ್ದೇವೆ. ಹೊಸಬರ ಸಾಲನ್ನು ಬಿಚ್ಚುವ ಕೆಲಸ ನನಗೆ ಬಂದಿದೆ. ಎಲ್ಲರೆದುರು ಬಿಚ್ಚುವುದಿಲ್ಲ, ಅವರು ಮನೆಗೆ ಹೋದ ಮೇಲೆ ಬಿಚ್ಚುತ್ತೇನೆ.

ಟ್ರಂಕಿನಲ್ಲಿ ಹದಿನೇಳನೆಯ ಸೀರೆ, ಚಂದ್ರಕಾಳಿ, ಒಂದು ಉಳಿದಿದೆ. ಮೊನ್ನೆ ಮಗಳು ಫೋನಿನಲ್ಲಿ ಅದನ್ನೇ ಕೇಳಿದಳು. ಕಾರ್ತಿಕದಲ್ಲಿ ಅವಳ ಹೆರಿಗೆ. ಕೂಸಿಗೆ ಕರೀ ಸೀರೆಯೇ ಎಂದು ಯಾರಾದರೂ ಮೂಗು ಮುರಿದಾರು. ಅದಿರಲಿ, ಅದು ಇಷ್ಟು ವರ್ಷ ನುಸಿ ಗುಳಿಗೆಯ ಜೊತೆಗಿದ್ದ ಸೀರೆ, ಕೂಸಿಗೆ ನಾನೇ ಒಲ್ಲೆ. ಮಗಳು ಹೊದೆಯುವ ದೊಡ್ಡ ಕೌದಿಗೆ ಹಾಕೋಣವೆಂದರೂ, ಅವಳ ಮಗ್ಗುಲಲ್ಲೇ ಕೂಸು ಮಲಗುವುದಲ್ಲವೇ. ಕೂಸು ವರ್ಷದ್ದಾಗಲಿ, ಆಮೇಲೆ ನೋಡೋಣ ಎಂದಿದ್ದೇನೆ. ಸದ್ಯಕ್ಕೆ ಗುಳಿಗೆಗಳನ್ನೆಲ್ಲ ಆರಿಸಿ ಎಸೆದು, ಸೀರೆ ಕುದಿಸಿ ಒಗೆದು, ಹಿತ್ತಲಿನ ತಂತಿಯ ಮೇಲೆ ಹರವಿದ್ದೇನೆ.