ನಾಮಕರಣದ ಸದಸ್ಯೆ

ಮೇಲ್ಮನೆಗೆ ನಾಮಕರಣದ ಪಟ್ಟಿ ಹೊರಬಿದ್ದ ದಿನ ನಮ್ಮ ಕಟ್ಟೆಯ ಮೇಲೆ ಏಳುವ ಮೊದಲ ಪ್ರಶ್ನೆ, ‘ಯಾರ ಕಡೆಯವರಂತೆ?’ ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 11ಕ್ಕೆ ರಾಜ್ಯಪಾಲರೇ ಹೆಸರು ಸೂಚಿಸುತ್ತಾರೆ. ವೋಟು ಕೇಳದೆ ಬಂದವರು ಜನರಿಗೆ ಏನು ಮಾಡಿಯಾರು ಎಂಬ ಅನುಮಾನ ಸಹಜವೇ. ಆ ಮಾತು ಬಂದಾಗಲೆಲ್ಲ ನಾನು ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರು ಎತ್ತುತ್ತೇನೆ.

ಪುದುಕ್ಕೋಟೈ ಸಂಸ್ಥಾನದಲ್ಲಿ 1886ರಲ್ಲಿ ಹುಟ್ಟಿದವರು. ತಂದೆ ಅಲ್ಲಿನ ಮಹಾರಾಜ ಕಾಲೇಜಿನ ಪ್ರಿನ್ಸಿಪಾಲರು, ತಾಯಿ ದೇವದಾಸಿ ಮನೆತನದವರು. ಹುಡುಗರಷ್ಟೇ ಓದುತ್ತಿದ್ದ ಆ ಕಾಲೇಜಿಗೆ ಮಹಾರಾಜರ ಅಪ್ಪಣೆಯ ಮೇಲೆ ಸೇರಿದರು. 1912ರಲ್ಲಿ ಮದ್ರಾಸಿನಲ್ಲಿ ಡಾಕ್ಟರಾದರು. ಆಮೇಲೆ ಬಂತು 1926. ದಕ್ಷಿಣ ಕನ್ನಡ, ಬಳ್ಳಾರಿಗಳು ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು. ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಆ ವರ್ಷ ಮದ್ರಾಸ್ ಕೌನ್ಸಿಲ್‌ನ ಚುನಾವಣೆಗೆ ನಿಂತು ಕೂದಲೆಳೆ ಅಂತರದಲ್ಲಿ ಸೋತರು. ಕಮಲಾದೇವಿಯವರಂಥವರಿಗೇ ಚುನಾವಣೆಯಲ್ಲಿ ಒಲಿಯದ ಸ್ಥಾನ ಮುತ್ತುಲಕ್ಷ್ಮಿಯವರಿಗೆ ಸರ್ಕಾರದ ನಾಮಕರಣದಿಂದ ಸಿಕ್ಕಿತು. ಬ್ರಿಟಿಷ್ ಭಾರತದ ಮೊದಲ ಶಾಸಕಿ ಅವರು. ಕೌನ್ಸಿಲ್ ಅವರನ್ನು ಸರ್ವಾನುಮತದಿಂದ ಉಪಾಧ್ಯಕ್ಷರನ್ನಾಗಿಯೂ ಆರಿಸಿತು.

ಹಾಗಂತ ಅವರು ಆ ಗೌರವಕ್ಕೇ ತೃಪ್ತಿಪಟ್ಟು ಕೂರಲಿಲ್ಲ. ಹುಡುಗಿಯರ ಮದುವೆಯ ವಯಸ್ಸು, ಶಾಲಾ ಮಕ್ಕಳ ಆರೋಗ್ಯ ತಪಾಸಣೆ ಎಂದು ಒಂದರ ಹಿಂದೊಂದು ವಿಷಯ ಎತ್ತಿದರು. ಎಲ್ಲಕ್ಕಿಂತ ದೊಡ್ಡದು ದೇವದಾಸಿ ಪದ್ಧತಿಯ ಪ್ರಶ್ನೆ. ಪದ್ಧತಿಯ ಬೇರು ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು: ಅದು ಇನಾಂ ಜಮೀನಿನಲ್ಲಿತ್ತು. ದೇವಸ್ಥಾನದ ಸೇವೆ ನಡೆಯುವವರೆಗೆ ಮಾತ್ರ ಜಮೀನು. ಸೇವೆ ನಿಂತರೆ ಹೊಲವೂ ಹೋಯಿತು, ಊಟವೂ ಹೋಯಿತು. ಅಂಥ ಮನೆಯಲ್ಲಿ ತಾಯಿ ಮಗಳನ್ನು ದೇವರಿಗೆ ಬಿಡದೆ ಏನು ಮಾಡಿಯಾಳು? 1929ರಲ್ಲಿ ಅವರ ಪ್ರಯತ್ನದಿಂದ ಆದ ಕಾನೂನು ತಿದ್ದುಪಡಿ ಈ ಗಂಟನ್ನೇ ಬಿಚ್ಚಿತು. ಸೇವೆಯ ಕಟ್ಟುಪಾಡು ಹೋಗಿ ಜಮೀನು ಆ ಹೆಣ್ಣುಮಕ್ಕಳಿಗೇ ಉಳಿಯುವಂತಾಯಿತು. ‘ಹೀಗೆ ಮಾಡಬಾರದು’ ಎಂದು ಗದರಿಸುವ ಕಾನೂನುಗಳು ಬೇಕಾದಷ್ಟಿವೆ. ಬಿಟ್ಟು ಬಂದವಳ ಅನ್ನಕ್ಕೆ ದಾರಿ ತೋರಿಸುವ ಕಾನೂನನ್ನು ನಾನು ದೊಡ್ಡದೆನ್ನುತ್ತೇನೆ.

ವಿರೋಧವೇನು ಕಡಿಮೆ ಇರಲಿಲ್ಲ. ಧರ್ಮ ಕೆಡುತ್ತದೆ, ಕಲೆ ಅಳಿಯುತ್ತದೆ ಎಂದವರಿದ್ದರು. ದೇವದಾಸಿಯರಲ್ಲೇ ಹಲವರು ತಮ್ಮ ಹಕ್ಕು ಹೋಗುತ್ತದೆಂದು ಅರ್ಜಿ ಹಾಕಿದರು. ಅವರ ಭಯ ಸುಳ್ಳಲ್ಲ. ಹಾಡು, ಕುಣಿತ ಬಲ್ಲ ಆ ಕುಟುಂಬಗಳ ಪಾಡು ಮುಂದೆ ಸುಲಭವಾಗಲಿಲ್ಲ. ಆದರೂ ಏನೂ ಅರಿಯದ ಮಗುವಿನ ಬದುಕನ್ನು ಹಿರಿಯರು ಮೊದಲೇ ಗೊತ್ತುಮಾಡಿಬಿಡುವುದು ಅನ್ಯಾಯವೇ. ಈ ವಿಷಯದಲ್ಲಿ ನಾನು ಡಾಕ್ಟರಮ್ಮನ ಕಡೆ.

1930ರಲ್ಲಿ ಗಾಂಧೀಜಿಯ ಬಂಧನವಾಯಿತು. ಅದನ್ನು ಪ್ರತಿಭಟಿಸಿ ಮುತ್ತುಲಕ್ಷ್ಮಿಯವರು ರಾಜೀನಾಮೆ ಕೊಟ್ಟರು. ಮೂರು ಚಿಲ್ಲರೆ ವರ್ಷಗಳ ಶಾಸಕಿತನ ಅಲ್ಲಿಗೆ ಮುಗಿಯಿತು. ಕೆಲಸ ಮುಗಿಯಲಿಲ್ಲ. ದೇವದಾಸಿ ಮನೆಗಳಿಂದ ಬಂದ ಹುಡುಗಿಯರಿಗೆ ಹಾಸ್ಟೆಲುಗಳಲ್ಲಿ ಜಾಗ ಸಿಗದಾದಾಗ ಅವರನ್ನು ತಮ್ಮ ಮನೆಯೊಳಗೇ ಇಟ್ಟುಕೊಂಡರು. ಅವ್ವೈ ಹೋಮ್ ಶುರುವಾದದ್ದು ಹಾಗೆ. ಪದ್ಧತಿಯನ್ನೇ ನಿಷೇಧಿಸುವ ಮದ್ರಾಸ್ ಕಾಯ್ದೆ ಬಂದದ್ದು 1947ರಲ್ಲಿ. ನಮ್ಮ ಕರ್ನಾಟಕದ್ದು 1982ರಲ್ಲಿ.

ಕೌನ್ಸಿಲ್‌ನಲ್ಲಿ ತಾವು ಮಾಡಿದ್ದನ್ನೂ ಕಂಡದ್ದನ್ನೂ ಅವರು ಪುಸ್ತಕವಾಗಿ ಬರೆದಿಟ್ಟರು. ನಾಮಕರಣವಾದ ಪ್ರತಿಯೊಬ್ಬರೂ ಅವಧಿ ಮುಗಿದಾಗ ಅಂಥದೊಂದು ಲೆಕ್ಕವನ್ನು ಜನರ ಮುಂದಿಡಬೇಕು. ವೋಟು ಹಾಕುವ ಅವಕಾಶವಿಲ್ಲದ ನಮಗೆ ಅಷ್ಟು ಕೇಳುವ ಹಕ್ಕಂತೂ ಇದೆ.