ಒಪ್ಪಿಸಿದ್ದು ತಲುಪಿತೇ?

ನೆಟ್ಟಣದವರಾದ ನಮಗೆ ಆಕಾಶಕ್ಕಿಂತ ಹಳಿಯೇ ಹೆಚ್ಚು ಪರಿಚಿತ. ನಮ್ಮೂರಿನ ರೈಲು ನಿಲ್ದಾಣದ ಫಲಕದಲ್ಲಿ ನಮ್ಮೂರಿನ ಹೆಸರಿಲ್ಲ, 'ಸುಬ್ರಹ್ಮಣ್ಯ ರೋಡ್' ಎಂದಿದೆ. ಆ ಮಾತು ಇರಲಿ. ಇಲ್ಲಿಂದ ಸಕಲೇಶಪುರದವರೆಗೆ 55 ಕಿ.ಮೀ. ಘಾಟಿ, 57 ಸುರಂಗಗಳು, ಒಂದೇ ಹಳಿ. ಇಂಥ ಒಂಟಿ ಹಳಿಯಲ್ಲಿ ಗಾಡಿಗಳು ಎದುರುಬದುರು ಬಾರದಂತೆ ಹಳೆಯ ಕಾಲದ ರೈಲ್ವೆ ಕಂಡುಕೊಂಡ ಉಪಾಯ ಟೋಕನ್. ಬೆತ್ತದ ಬಳೆಗೆ ಕಟ್ಟಿದ ಚೀಲದೊಳಗೆ ಒಂದು ಲೋಹದ ಗುಂಡು. ಅದು ಕೈಗೆ ಬಾರದೆ ಚಾಲಕ ಮುಂದೆ ಹೋಗುವಂತಿಲ್ಲ. ಮುಂದಿನ ನಿಲ್ದಾಣದವರು ಒಪ್ಪದೆ ಈ ಕಡೆಯ ಯಂತ್ರ ಆ ಗುಂಡನ್ನು ಉದುರಿಸುವುದೇ ಇಲ್ಲ.

ವಿಮಾನಕ್ಕೆ ಇಂಥ ಗುಂಡಿಲ್ಲ. ದುಬೈಯಿಂದ ನಮ್ಮ ಮಕ್ಕಳನ್ನು ಹೊತ್ತು ಬರುವ ವಿಮಾನ ಮಸ್ಕತ್ತಿನವರ ಕೈಯಿಂದ ಮುಂಬೈಯವರ ಕೈಗೆ, ಅವರಿಂದ ಮಂಗಳೂರಿನವರ ಕೈಗೆ ದಾಟುತ್ತದೆ. ಒಬ್ಬ ನಿಯಂತ್ರಕ ಮುಂದಿನವನಿಗೆ ವಿಷಯ ತಿಳಿಸಬೇಕು, ಮುಂದಿನವನು ಒಪ್ಪಬೇಕು. ಪೈಲಟ್‌ಗೆ ಹೊಸ ತರಂಗಾಂತರ ಹೇಳಬೇಕು, ಅವನು ಅದನ್ನು ತಿರುಗಿ ಉಚ್ಚರಿಸಬೇಕು, ಆಮೇಲೆ ಹೊಸಬರನ್ನು ಕರೆದು ಮಾತಾಡಬೇಕು. ಇದರಲ್ಲಿ ಒಂದು ಕೊಂಡಿ ಕಳಚಿದರೂ ಕಳುಹಿಸಿದವನು 'ಒಪ್ಪಿಸಿಬಿಟ್ಟೆ' ಎಂದುಕೊಳ್ಳುತ್ತಾನೆ, ಪಡೆಯಬೇಕಾದವನಿಗೆ ಗೊತ್ತೇ ಇರುವುದಿಲ್ಲ. ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಪತ್ತೆಯಾಗುತ್ತದೆ. ತುರ್ತು ತರಂಗಾಂತರ 121.5ರಲ್ಲಿ ಕೂಗಿ ಕರೆಯುತ್ತಾರೆ, ಸಮೀಪದ ಬೇರೆ ವಿಮಾನದ ಮೂಲಕವೂ ಹೇಳಿಸುತ್ತಾರೆ.

ಆದರೆ ನಿಮಿಷಗಳೇ ಇಲ್ಲದಿದ್ದರೆ? 2022ರ ಜನವರಿ 7ರ ಬೆಳಿಗ್ಗೆ ಬೆಂಗಳೂರಿನಲ್ಲಿ ನಡೆದದ್ದು ಅದೇ. ಅಲ್ಲಿ ಉತ್ತರ ಮತ್ತು ದಕ್ಷಿಣ ಎಂದು ಎರಡು ರನ್‌ವೇಗಳು, ಅವನ್ನು ನೋಡಿಕೊಳ್ಳಲು ಬೇರೆ ಬೇರೆ ನಿಯಂತ್ರಕರು. ದಕ್ಷಿಣದ್ದನ್ನು ಮುಚ್ಚಿ ಎಲ್ಲವನ್ನೂ ಉತ್ತರದಲ್ಲೇ ನಡೆಸುವುದೆಂದು ಪಾಳಿಯ ಮುಖ್ಯಸ್ಥರು ತೀರ್ಮಾನಿಸಿದರು. ಆ ಸುದ್ದಿ ದಕ್ಷಿಣದ ನಿಯಂತ್ರಕರನ್ನು ತಲುಪಲಿಲ್ಲ. ಅವರು ಕೋಲ್ಕತ್ತಾಕ್ಕೆ ಹೊರಟ ಇಂಡಿಗೋ ವಿಮಾನಕ್ಕೆ ಅನುಮತಿ ಕೊಟ್ಟರು, ಉತ್ತರದವರು ಭುವನೇಶ್ವರದ ವಿಮಾನಕ್ಕೆ ಕೊಟ್ಟರು. ಎರಡೂ ಏರಿದವು, ಏರುತ್ತಾ ಒಂದರತ್ತ ಒಂದು ಸಾಗಿದವು. ಒಟ್ಟು 426 ಜೀವಗಳು. ರೇಡಾರ್ ಮುಂದೆ ಕುಳಿತಿದ್ದ ಮತ್ತೊಬ್ಬ ನಿಯಂತ್ರಕರ ಕಣ್ಣಿಗೆ ಅದು ಬಿತ್ತು. ಅವರು ಎರಡಕ್ಕೂ ಬೇರೆ ಬೇರೆ ದಿಕ್ಕು ಹೇಳಿ ದೂರ ಸರಿಸಿದರು.

ನಮಗೆ ಇದಕ್ಕಿಂತ ಹೆಚ್ಚು ಕಳವಳ ತಂದದ್ದು ಆಮೇಲಿನ ಸಂಗತಿ. ಇಷ್ಟು ದೊಡ್ಡ ಘಟನೆಯನ್ನು ಅಂದು ಯಾವ ದಾಖಲೆ ಪುಸ್ತಕದಲ್ಲೂ ಬರೆದಿರಲಿಲ್ಲ ಎಂದು ಆಗಿನ ವರದಿಗಳು ಹೇಳಿದವು. ತಪ್ಪು ಮನುಷ್ಯರಿಂದಲೇ ಆಗುವುದು, ಅದಕ್ಕೆ ಯಾರನ್ನೂ ಗಲ್ಲಿಗೇರಿಸಬೇಕಾಗಿಲ್ಲ. ಆದರೆ ಬರೆಯದೆ ಬಿಟ್ಟ ತಪ್ಪಿನಿಂದ ಮರುದಿನದ ಪಾಳಿಯವನು ಏನು ಕಲಿತಾನು? ಶಿಕ್ಷೆಯ ಭಯ ಹೆಚ್ಚಿದಷ್ಟೂ ಪುಸ್ತಕದ ಹಾಳೆಗಳು ಖಾಲಿ ಉಳಿಯುತ್ತವೆ.

ಕರಾವಳಿಯ ನಾವು ಇದನ್ನು ದೂರದ ಸುದ್ದಿಯೆಂದು ಓದಲಾರೆವು. 2010ರ ಮೇ 22ರಂದು ದುಬೈ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಂದಕಕ್ಕೆ ಬಿದ್ದಾಗ ಇದ್ದ 166 ಮಂದಿಯಲ್ಲಿ ಉಳಿದವರು 8. ಅದಕ್ಕೆ ಎರಡು ದಿನ ಮೊದಲಿಂದಲೇ ಮಂಗಳೂರಿನ ರೇಡಾರ್ ಕೆಲಸ ಮಾಡುತ್ತಿರಲಿಲ್ಲ, ವಿಮಾನಕ್ಕೆ ಕೆಳಗಿಳಿಯುವ ಅನುಮತಿ ಎಂದಿಗಿಂತ ತಡವಾಗಿ ಸಿಕ್ಕಿತು. ದುರಂತಕ್ಕೆ ಕಾರಣ ಅದಲ್ಲ, ಸರಿಯಿಲ್ಲದ ಇಳಿಕೆಯನ್ನು ಕೈಬಿಡದೆ ಮುಂದುವರಿಸಿದ್ದು ಎಂದೇ ತನಿಖೆ ಹೇಳಿತು. ಆದರೂ ರೇಡಾರ್ ಕೆಟ್ಟಿದ್ದನ್ನು ವರದಿಯಲ್ಲಿ ಬರೆದಿಟ್ಟಿದ್ದಾರೆ, ಯಾರು ಬೇಕಾದರೂ ಓದಬಹುದು.

ಬೆಂಗಳೂರಿನ ಆ ಎರಡು ವಿಮಾನಗಳು ಮುಂದೆ ಸಾಗಿ ಕೋಲ್ಕತ್ತಾವನ್ನೂ ಭುವನೇಶ್ವರವನ್ನೂ ಸೇರಿದವು. ಪ್ರಯಾಣಿಕರಿಗೆ ವಿಷಯ ತಿಳಿದದ್ದು ಹಲವು ದಿನಗಳ ಬಳಿಕ, ಪತ್ರಿಕೆಯಲ್ಲಿ.